ರಬ್ಬರ್ ಕಾಯಿ ಕಲಿಸಿದ ಒದೆ

ಮಳೆ ನಾಲ್ಕು ದಿನ ಬಿಡುವು ಕೊಟ್ಟು ಚುರುಕು ಬಿಸಿಲು ಬಿದ್ದ ಮಧ್ಯಾಹ್ನ ಕರಿಕೆಯ ರಬ್ಬರ್ ತೋಟದೊಳಗೆ ಸುಮ್ಮನೆ ನಿಂತರೆ ತಲೆಯ ಮೇಲೆಲ್ಲೋ 'ಟಪ್' ಅನ್ನುತ್ತದೆ. ಕತ್ತೆತ್ತಿ ನೋಡುವಷ್ಟರಲ್ಲಿ ಹತ್ತಿಪ್ಪತ್ತು ಹೆಜ್ಜೆ ಆಚೆ ತರಗೆಲೆಯ ಮೇಲೆ ಏನೋ ಬಿದ್ದ ಸದ್ದು. ರಬ್ಬರ್ ಕಾಯಿ ಸಿಡಿದಿದೆ. ಮೂರು ಹೋಳಿನ ಆ ಕಾಯಿಯ ಸಿಪ್ಪೆ ಒಣಗುತ್ತಾ ಒಣಗುತ್ತಾ ದಿನಗಟ್ಟಲೆ ಒಳಗೊಳಗೇ ಬಿಗಿದುಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಆಮೇಲೆ ಒಂದು ಗಳಿಗೆಯಲ್ಲಿ, ಕಣ್ಣಿಗೆ ಕಾಣದಷ್ಟು ಬೇಗ, ಹೊಲಿಗೆ ಬಿಟ್ಟಂತೆ ಬಿಚ್ಚಿಕೊಂಡು ಬೀಜವನ್ನು ದೂರಕ್ಕೆ ಎಸೆಯುತ್ತದೆ. ಚುಕ್ಕೆ ಚುಕ್ಕೆಯ ಆ ನುಣುಪಾದ ಬೀಜಗಳನ್ನು ಚಡ್ಡಿ ಜೇಬಿನಲ್ಲಿ ತುಂಬಿಕೊಂಡು ಶಾಲೆಗೆ ಹೋದವರು ನಾವು. ಅದರೊಳಗೊಂದು ಯಂತ್ರಶಾಸ್ತ್ರದ ಪಾಠವಿದೆ ಎಂದು ನನಗೆ ಹೊಳೆದದ್ದು ಮಾತ್ರ ಕಳೆದ ವರ್ಷ, ಒಂಬತ್ತನೇ ಕ್ಲಾಸಿನ ಮೂರು ಹುಡುಗಿಯರ ಜೊತೆ ಅಂಗಳದಲ್ಲಿ ಕೂತಾಗ.

ಆ ಮೂವರಲ್ಲಿ ಒಬ್ಬಳು ನನ್ನ ತಂಗಿಯ ಮಗಳು, ಉಳಿದಿಬ್ಬರು ಅವಳ ಗೆಳತಿಯರು. ಶಾಲಾ ಮಕ್ಕಳ ರೋಬೋಟಿಕ್ಸ್ ಸ್ಪರ್ಧೆಯೊಂದಕ್ಕೆ ಹೆಸರು ಕೊಟ್ಟಿದ್ದರು. ನಾಲ್ಕು ಚಕ್ರದ ಗಾಡಿ ಓಡಾಡುತ್ತಿತ್ತು, ತಿರುಗುತ್ತಿತ್ತು. ಆದರೆ ಆಟ ಫುಟ್‌ಬಾಲಿನದ್ದು. ಮೂರನೇ ನಂಬರಿನ ಚೆಂಡನ್ನು ಗೋಲಿನೊಳಕ್ಕೆ ಹೊಡೆಯಬೇಕು. ಗಾಡಿಯ ಮುಂದೆ ಒಂದು ಮೋಟರಿಗೆ ಪ್ಲಾಸ್ಟಿಕ್ ಪಟ್ಟಿ ಸಿಕ್ಕಿಸಿ ಒದೆಸಲು ನೋಡಿದ್ದರು. ಚೆಂಡು ಅರ್ಧ ಅಡಿ ಉರುಳಿ ನಿಂತಿತಂತೆ. "ಮಾವ, ಇದಕ್ಕಿಂತ ದೊಡ್ಡ ಮೋಟರ್ ತರಿಸಬೇಕಾ?" ಎಂದು ಕೇಳಿದಳು ತಂಗಿಯ ಮಗಳು.

ಒದೆಯುವ ಯಂತ್ರ ಮಾಡಹೊರಟವರೆಲ್ಲ ಮೊದಲು ಕೇಳುವ ಪ್ರಶ್ನೆ ಇದೇ. ಉತ್ತರಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಆ ಚೆಂಡಿನ ತೂಕ ಸುಮಾರು 300 ಗ್ರಾಂ. ಅದು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಹೋಗಬೇಕಾದರೆ ಅದಕ್ಕೆ ಬೇಕಾದ ಶಕ್ತಿ ನಾಲ್ಕು ಜೌಲ್ ಕೂಡ ಇಲ್ಲ. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟನ್ನು ನೆಲದಿಂದ ಎತ್ತಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟರೆ ಅಷ್ಟೇ ಖರ್ಚಾಗುತ್ತದೆ. ಇಷ್ಟು ಚಿಲ್ಲರೆ ಶಕ್ತಿಯನ್ನು ಯಾವ ಮೋಟರಾದರೂ ಕೊಡುತ್ತದೆ. ಕಷ್ಟ ಇರುವುದು ಸಮಯದಲ್ಲಿ. ಕಾಲು ಚೆಂಡಿಗೆ ತಾಗಿಕೊಂಡಿರುವುದು ಸೆಕೆಂಡಿನ ನೂರರಲ್ಲಿ ಒಂದು ಪಾಲು ಹೊತ್ತು ಮಾತ್ರ. ಅಷ್ಟರೊಳಗೆ ಅಷ್ಟನ್ನೂ ಕೊಟ್ಟು ಮುಗಿಸಬೇಕೆಂದರೆ 375 ವಾಟ್ ಬೇಕು, ಅಂದರೆ ಅರ್ಧ ಕುದುರೆಶಕ್ತಿ. ನಮ್ಮ ಕೈಯಲ್ಲಿದ್ದದ್ದು ಗುಜರಿಗೆ ಹೋಗಬೇಕಿದ್ದ ಹಳೆ ಜೀಪಿನ ವೈಪರ್ ಮೋಟರ್. ಹೆಚ್ಚೆಂದರೆ ಐವತ್ತು ವಾಟ್.

ದೊಡ್ಡ ಮೋಟರ್ ಹಾಕಿದರೆ ದೊಡ್ಡ ಬ್ಯಾಟರಿ ಬೇಕು, ಗಾಡಿ ಭಾರವಾಗುತ್ತದೆ, ಸ್ಪರ್ಧೆಯ ತೂಕದ ಮಿತಿ ದಾಟುತ್ತದೆ. ಅದರ ಬದಲು ಅದೇ ಬಡ ಮೋಟರ್ ಒಂದೂವರೆ ಸೆಕೆಂಡು ನಿಧಾನವಾಗಿ ದುಡಿದು ಶಕ್ತಿಯನ್ನು ಎಲ್ಲಾದರೂ ಕೂಡಿಟ್ಟರೆ? ಕೂಡಿಟ್ಟದ್ದನ್ನು ಒಮ್ಮೆಲೇ ಬಿಟ್ಟರೆ? ನಾನು ಅಂಗಳದ ಮೂಲೆಯಲ್ಲಿ ಬಿದ್ದಿದ್ದ ರಬ್ಬರ್ ಕಾಯಿಯ ಸಿಪ್ಪೆಯೊಂದನ್ನು ಎತ್ತಿ ಕೊಟ್ಟೆ. ಮೂವರೂ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮಿಡತೆಯ ಹಿಂಗಾಲೂ ಇದೇ ಕೆಲಸ ಮಾಡುತ್ತದೆ, ಭಾಗಮಂಡಲದ ದಾರಿಯ ಬರೆಗಳಲ್ಲಿ ಮಳೆಗಾಲವಿಡೀ ಅರಳುವ ಕಾಡು ಗೌರಿಹೂವಿನ ಕಾಯಿಯೂ ಇದೇ ಮಾಡುತ್ತದೆ. ಮೆಲ್ಲಗೆ ತುಂಬಿಕೊಳ್ಳುವುದು, ಥಟ್ಟನೆ ಬಿಡುವುದು.

ಕರಿಕೆಯನ್ನು ನೋಡದವರಿಗೆ ಒಂದು ಮಾತು. ಕೊಡಗಿನ ಪಶ್ಚಿಮದ ತುದಿಯಲ್ಲಿ, ಮಡಿಕೇರಿ ತಾಲ್ಲೂಕಿಗೆ ಸೇರಿದ ಊರಿದು. ಭಾಗಮಂಡಲದಿಂದ ಸುಮಾರು ಮೂವತ್ತು ಕಿಲೋಮೀಟರ್ ಕಾಡಿನ ತಿರುವುಗಳಲ್ಲಿ ಇಳಿದು ಬರಬೇಕು. ಮಳೆಗಾಲದಲ್ಲಿ ಬರೆ ಜರಿದರೆ ಆ ದಾರಿಯೂ ಮುಚ್ಚುತ್ತದೆ. ಗಡಿಯಾಚೆ ಕೇರಳದ ಪಾಣತ್ತೂರು ಪಕ್ಕದಲ್ಲೇ. ಒಂದು ಬೇರಿಂಗ್ ಬೇಕೆಂದರೂ ಕಾಞಂಗಾಡಿನ ಕಡೆಗೆ ಬಸ್ ಹತ್ತುವುದು ಸುಲಭ. ಅರೆಭಾಷೆ, ಮಲಯಾಳ, ಕನ್ನಡ, ತುಳು ಎಲ್ಲವೂ ಒಂದೇ ಅಂಗಡಿಯ ಜಗಲಿಯಲ್ಲಿ ಕೇಳಿಸುತ್ತವೆ. ಆಟವೂ ಹಾಗೆಯೇ. ಘಟ್ಟದ ಮೇಲಿನಿಂದ ಹಾಕಿ ಬಂದಿದೆ, ಘಟ್ಟದ ಕೆಳಗಿನಿಂದ ಸೆವೆನ್ಸ್ ಫುಟ್‌ಬಾಲ್ ಬಂದಿದೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಕುಟುಂಬಗಳೊಂದಿಗೆ ಶುರುಮಾಡಿದ ಕೊಡವ ಕೌಟುಂಬಿಕ ಹಾಕಿ 2024ರಲ್ಲಿ ನಾಪೋಕ್ಲಿನಲ್ಲಿ 360 ಕುಟುಂಬಗಳಿಗೆ ಬೆಳೆದು ಗಿನ್ನೆಸ್ ದಾಖಲೆಗೆ ಸೇರಿದ್ದನ್ನು ಈ ಹುಡುಗಿಯರು ಫೋನಿನಲ್ಲಿ ನೋಡಿದವರು. ಚೆಂಡಿಗೆ ಹೇಗೆ ಹೊಡೆದರೆ ಏನಾಗುತ್ತದೆ ಎಂಬುದು ಅವರ ಕೈಕಾಲಿಗೆ ಗೊತ್ತಿತ್ತು. ಆ ತಿಳಿವಳಿಕೆಯನ್ನು ಗಾಡಿಗೆ ದಾಟಿಸುವುದಷ್ಟೇ ಉಳಿದಿತ್ತು.

ಮೊದಲ ಕಾಲು ಮಾಡಿದ್ದು ರಟ್ಟಿನಲ್ಲಿ. ಟಿ.ವಿ. ಪೆಟ್ಟಿಗೆಯ ದಪ್ಪ ರಟ್ಟನ್ನು ಮೂರು ಪದರ ಅಂಟಿಸಿ, ಮೇಲ್ತುದಿಗೆ ಮೊಳೆ ಹೊಡೆದು ತೂಗುಬಿಟ್ಟೆವು. ಹತ್ತು ಒದೆತಕ್ಕೆ ಅದು ಮಡಚಿಕೊಂಡಿತು. ಆದರೂ ಆ ಹತ್ತು ಒದೆತದಲ್ಲಿ ಕಾಲಿನ ಉದ್ದ ಎಷ್ಟಿರಬೇಕು, ಹಿಂದಕ್ಕೆ ಎಷ್ಟು ಎಳೆದರೆ ಗಾಡಿಯ ತಳಕ್ಕೆ ತಾಗುತ್ತದೆ ಎಂಬುದೆಲ್ಲ ತಿಳಿದಿತ್ತು. ಕಚ್ಚಾ ಮಾದರಿ ಇರುವುದೇ ಮುರಿಯಲಿಕ್ಕೆ. ಒಂದು ದಿನದಲ್ಲಿ ಮುರಿದು ಬುದ್ಧಿ ಕಲಿಸುವ ರಟ್ಟು, ಒಂದು ವಾರ ಕಾದು ತರಿಸಿದ ಅಲ್ಯುಮಿನಿಯಂ ಪಟ್ಟಿಗಿಂತ ಹೆಚ್ಚು ಬೆಲೆಯದ್ದೆಂದು ನಾನು ನಂಬಿದ್ದೇನೆ.

ಎರಡನೆಯ ಕಾಲಿಗೆ ಅಡಿಕೆ ದಬ್ಬೆ. ಒಣಗಿದ ಅಡಿಕೆ ಮರದ ದಬ್ಬೆಗೆ ಗಟ್ಟಿತನವೂ ಇದೆ, ಸ್ವಲ್ಪ ಬಾಗಿ ಮತ್ತೆ ನೆಟ್ಟಗಾಗುವ ಗುಣವೂ ಇದೆ. 35 ಸೆಂಟಿಮೀಟರ್ ಉದ್ದ, ಕಾಲು ಕಿಲೋ ತೂಕ. ಎಳೆತಕ್ಕೆ ಹರಿದ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿದ ಎರಡು ಪಟ್ಟಿ. ಕರಿಮೆಣಸು ತೂಗುವ ಸ್ಪ್ರಿಂಗ್ ತಕ್ಕಡಿಯನ್ನು ಅಟ್ಟದಿಂದ ಇಳಿಸಿ ಆ ಪಟ್ಟಿಗಳಿಗೆ ಕೊಕ್ಕೆ ಹಾಕಿ ಎಳೆದು, ಎಷ್ಟು ಸೆಂಟಿಮೀಟರಿಗೆ ಎಷ್ಟು ಕಿಲೋ ಎಂದು ರೂಲ್ ಪುಸ್ತಕದಲ್ಲಿ ಬರೆದರು. 20 ಸೆಂಟಿಮೀಟರ್ ಎಳೆದಾಗ ಮುಳ್ಳು 8 ಕಿಲೋ ತೋರಿಸಿತು. ಲೆಕ್ಕ ಹಾಕಿದರೆ ಸುಮಾರು 8 ಜೌಲ್. ಬೇಕಾದದ್ದರ ಎರಡು ಪಾಲು.

ಚೆಂಡಿನ ವೇಗ ಅಳೆಯಲು ಅಂಗಳದ ಸಿಮೆಂಟಿನ ಮೇಲೆ ಸುಣ್ಣದಿಂದ ಒಂದು ಮೀಟರ್ ಗುರುತು ಹಾಕಿ, ಫೋನಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದರು. ಸೆಕೆಂಡಿಗೆ 240 ಚಿತ್ರ. ಚೆಂಡು ಆ ಒಂದು ಮೀಟರ್ ದಾಟಲು ಎಷ್ಟು ಚಿತ್ರ ಹಿಡಿಯಿತೆಂದು ಬೆರಳಿನಿಂದ ಒಂದೊಂದೇ ಸರಿಸಿ ಎಣಿಸುವುದು. ಮೊದಲ ಒದೆತಕ್ಕೆ 96. ಅಂದರೆ ಸೆಕೆಂಡಿಗೆ ಎರಡೂವರೆ ಮೀಟರ್. ತುಂಬಿಟ್ಟ 8 ಜೌಲಿನಲ್ಲಿ ಚೆಂಡಿಗೆ ಸಿಕ್ಕಿದ್ದು ಒಂದೇ ಒಂದು. ಉಳಿದದ್ದೆಲ್ಲಿ ಹೋಯಿತು?

ವಿಡಿಯೊದಲ್ಲೇ ಉತ್ತರವಿತ್ತು. ಚೆಂಡಿಗೆ ಬಡಿದ ಕಾಲು ಹಿಂದಕ್ಕೆ ಪುಟಿಯುತ್ತಿತ್ತು. ಗೋಲಿ ಆಡಿದವರಿಗೆ ಇದು ಗೊತ್ತು: ಒಂದೇ ಗಾತ್ರದ ಗೋಲಿ ನೇರವಾಗಿ ಬಡಿದರೆ ಹೊಡೆದದ್ದು ಅಲ್ಲೇ ನಿಲ್ಲುತ್ತದೆ, ಹೊಡೆಸಿಕೊಂಡದ್ದು ಅದರ ಓಟವನ್ನೆಲ್ಲ ಹೊತ್ತುಕೊಂಡು ಹೋಗುತ್ತದೆ. ಹಗುರ ಗೋಲಿ ಭಾರದ್ದಕ್ಕೆ ಬಡಿದರೆ ತಾನೇ ಹಿಂದಕ್ಕೆ ಬರುತ್ತದೆ. ಮೇಲ್ತುದಿಯಲ್ಲಿ ತಿರುಗಣೆ ಇರುವ ಕೋಲು ತುದಿಯಲ್ಲಿ ತೋರಿಸುವ ಭಾರ ತನ್ನ ತೂಕದ ಮೂರನೇ ಒಂದು ಪಾಲು ಮಾತ್ರ. ಕಾಲು ಕಿಲೋದ ದಬ್ಬೆ ಚೆಂಡಿನ ಪಾಲಿಗೆ ಎಂಬತ್ತು ಗ್ರಾಮಿನ ಕಡ್ಡಿ. ಇರುವಷ್ಟೇ ಶಕ್ತಿಯಲ್ಲಿ ಚೆಂಡಿಗೆ ಹೆಚ್ಚು ವೇಗ ಸಿಗಬೇಕಾದರೆ ಕಾಲಿನ ತುದಿಯ ಭಾರ ಚೆಂಡಿನ ಭಾರಕ್ಕೆ ಸಮನಾಗಿರಬೇಕು. ಹಳೆಯ ಬೋಲ್ಟು, ನಟ್ಟು ಸೇರಿಸಿ 200 ಗ್ರಾಂ ತೂಗಿ ಪಾದದ ಹಿಂದೆ ತಂತಿ ಸುತ್ತಿ ಬಿಗಿದರು. ಚಿತ್ರದ ಎಣಿಕೆ 96ರಿಂದ 79ಕ್ಕೆ ಇಳಿಯಿತು. ಹೊಸ ಮೋಟರಿಲ್ಲ, ಹೊಸ ರಬ್ಬರಿಲ್ಲ. ಆ 79ನ್ನು ಪುಸ್ತಕದಲ್ಲಿ ಬರೆದು ಮೂರು ಸಲ ಅಡಿಗೆರೆ ಎಳೆದದ್ದನ್ನು ನಾನು ನೋಡಿದೆ.

ಪಟ್ಟಿಗಳನ್ನು ಎರಡರಿಂದ ನಾಲ್ಕು ಮಾಡಿದಾಗ ಎಣಿಕೆ 56ಕ್ಕೆ ಬಂತು. ಆಗ ತಲೆನೋವು ಬೇರೆ ಕಡೆ ಎದ್ದಿತು. ಇಡೀ ಯಂತ್ರದಲ್ಲಿ ನಿಜವಾದ ಕಷ್ಟ ಇರುವ ಜಾಗ ಅದೇ, ಹಾಗಾಗಿ ಅದನ್ನು ಬಿಡಿಸಿ ಹೇಳುತ್ತೇನೆ.

ಎಳೆದು ಹಿಡಿದ ಕಾಲನ್ನು ಬಿಡುವುದು ಹೇಗೆ? ಮೊದಲು ಬಾಗಿಲಿನ ಪುಟ್ಟ ಚಿಲಕವನ್ನು ಸಿಕ್ಕಿಸಿ, ಅದನ್ನು ಸರಿಸಲು ಚಿಕ್ಕ ಸರ್ವೋ ಮೋಟರ್ ಇಟ್ಟಿದ್ದರು. ಕೈಯಿಂದ ಆಡಿಸಿದರೆ ಚಿಲಕ ನುಣ್ಣಗೆ ಸರಿಯುತ್ತಿತ್ತು. ನಾಲ್ಕು ಪಟ್ಟಿಗಳ 16 ಕಿಲೋ ಎಳೆತ ಬಿದ್ದ ಕೂಡಲೇ ಅದು ಅಲ್ಲಾಡಲಿಲ್ಲ. ಗಾಳಿಗೆ ಬಿಗಿದುಕೊಂಡ ಬಾಗಿಲಿನ ಚಿಲಕ ತೆಗೆಯಲು ನಾವು ಬಾಗಿಲನ್ನೊಮ್ಮೆ ಒಳಕ್ಕೆ ಎಳೆದುಕೊಳ್ಳುತ್ತೇವಲ್ಲ, ಅದೇ ಸಂಗತಿ. ಭಾರ ಹೆಚ್ಚಿದಂತೆ ಉಜ್ಜಾಟವೂ ಹೆಚ್ಚುತ್ತದೆ. ಸರ್ವೋ ಗುಂಯ್‌ಗುಟ್ಟಿ ಬಿಸಿಯಾಯಿತು. ಚಿಲಕದ ತುದಿಗೆ ಎಣ್ಣೆ ಹಚ್ಚಿದರು. ಆಗ ಇನ್ನೊಂದು ತೊಂದರೆ: ನಾಲ್ಕನೆಯ ಸಲ ಎಳೆದು ಕೂರಿಸುತ್ತಿದ್ದಂತೆ ಚಿಲಕ ತಾನಾಗಿ ಜಾರಿ ಕಾಲು ಬೀಸಿ ಬಂತು. ಅರೆಗಳಿಗೆ ಮುಂಚೆ ಒಬ್ಬ ಹುಡುಗಿಯ ಬೆರಳು ಅಲ್ಲಿತ್ತು. ಎದುರಿಗಿಟ್ಟಿದ್ದ ಪ್ಲೈವುಡ್ ತುಂಡು ಎರಡಾಗಿ ಬಿದ್ದದ್ದನ್ನು ನೋಡಿ ನಾವ್ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಒಳಗಿಂದ ಕೇಳಿಸಿಕೊಂಡು ಬಂದ ನನ್ನಮ್ಮ ಹೇಳಿದ್ದು ಒಂದೇ ಮಾತು: "ತುಂಬಿದ ಕೋವಿ ಅಂತ ತಿಳ್ಕೊಂಡು ಮುಟ್ಟಿ." ಕೈಲ್‌ಪೊಳ್ದ್ ಹಬ್ಬದ ದಿನ ಕೋವಿ ಪೂಜೆಗಿಟ್ಟು, ತೆಂಗಿನಕಾಯಿಗೆ ಗುರಿಯಿಟ್ಟು ಗುಂಡು ಹೊಡೆಯುವ ಜಿಲ್ಲೆಯಿದು. ಗುಂಡು ಇರಲಿ ಬಿಡಲಿ, ಕೋವಿಯ ಬಾಯಿ ಜನರ ಕಡೆ ತಿರುಗಬಾರದೆಂದು ಇಲ್ಲಿ ಮಕ್ಕಳಿಗೆ ಮಾತು ಕಲಿಸುವಾಗಲೇ ಕಲಿಸುತ್ತಾರೆ. ಅಂದಿನಿಂದ ನಮ್ಮ ಯಂತ್ರಕ್ಕೂ ಅದೇ ಕಟ್ಟಳೆ. ಕಾಲು ಎಳೆದಿರುವಾಗ ಅಡ್ಡಕ್ಕೆ ಒಂದು ಕಬ್ಬಿಣದ ಸರಳು, ಆ ಸರಳಿಗೊಂದು ಕೆಂಪು ಬಟ್ಟೆ. ಬಟ್ಟೆ ಕಾಣದಿದ್ದರೆ ಯಾರೂ ಮುಂದೆ ಕೈಯಿಡುವಂತಿಲ್ಲ. ಮಕ್ಕಳ ಜೊತೆ ಇಂಥದ್ದನ್ನು ಮಾಡುವ ಮೇಷ್ಟರುಗಳಿಗೆ ಕೈಮುಗಿದು ಹೇಳುತ್ತೇನೆ, ಸರಳು ಮೊದಲು, ರಬ್ಬರ್ ಆಮೇಲೆ.

ಅಮ್ಮನ ಮಾತಿನಲ್ಲಿ ಚಿಲಕದ ಪರಿಹಾರವೂ ಇತ್ತು. ಕೋವಿಯ ಕುದುರೆಯಾಗಲಿ, ಅಡುಗೆಮನೆಯ ಇಲಿಬೋನಾಗಲಿ, ದೊಡ್ಡ ಎಳೆತವನ್ನು ನೇರವಾಗಿ ತಡೆದು ನಿಲ್ಲುವುದಿಲ್ಲ. ಒಂದು ಸನ್ನೆ ಇನ್ನೊಂದನ್ನು ಹಿಡಿದಿರುತ್ತದೆ, ಕೊನೆಯದ್ದಕ್ಕೆ ಬೆರಳಿನ ಒತ್ತು ಸಾಕು. ಬೋನಿನ ಕೊಕ್ಕೆಗೆ ಇಲಿಯ ಮೂತಿ ತಾಗಿದರೆ ಸಾಕಲ್ಲವೇ! ಹುಡುಗಿಯರು ಬೋನನ್ನು ಬಿಚ್ಚಿ ನೋಡಿ ಒಂದು ದಿನವಿಡೀ ಅದರ ಹಾಗೆ ಸನ್ನೆ ಕಟ್ಟಿದರು. ಕೆಲಸ ಮಾಡಿತು. ಆದರೆ ಪ್ರತಿ ಒದೆತದ ನಂತರ ಕೈಯಿಂದ ಮತ್ತೆ ಹೂಡಬೇಕು, ಆಟದ ನಡುವೆ ಅದಕ್ಕೆ ಅವಕಾಶವಿಲ್ಲ.

ಕೊನೆಗೆ ಗೆದ್ದದ್ದು ಬಸವನಹುಳು. ಮಳೆಗಾಲದಲ್ಲಿ ನಮ್ಮ ಗೋಡೆಗಳ ಮೇಲೆ ಹರಿದಾಡುವ ಅದರ ಚಿಪ್ಪಿನ ಸುರುಳಿಯಂತೆ ಪ್ಲೈವುಡ್ಡಿನಲ್ಲಿ ಒಂದು ಚಕ್ರ ಕೊಯ್ಯಬೇಕು. ನಡುವಿನಿಂದ ಅಂಚಿನವರೆಗಿನ ದೂರ ಸುತ್ತುತ್ತಾ ಸುತ್ತುತ್ತಾ ಹೆಚ್ಚಿ, ಒಂದು ಕಡೆ ಮೆಟ್ಟಿಲಿನಂತೆ ತಟಕ್ಕನೆ ಇಳಿಯಬೇಕು. ಮೋಟರ್ ಈ ಚಕ್ರವನ್ನು ತಿರುಗಿಸಿದಂತೆ ಅಂಚು ಕಾಲನ್ನು ಹಿಂದಕ್ಕೆ ತಳ್ಳುತ್ತಾ ಹೋಗುತ್ತದೆ, ಪಟ್ಟಿಗಳು ಬಿಗಿಯುತ್ತವೆ, ಮೆಟ್ಟಿಲು ಬಂದ ಕೂಡಲೇ ಕಾಲಿಗೆ ಆಸರೆ ತಪ್ಪಿ ಅದು ಬೀಸುತ್ತದೆ. ಬೇರೆ ಚಿಲಕವೇ ಬೇಡ. ವೈಪರ್ ಮೋಟರಿನೊಳಗೆ ವರ್ಮ್ ಗೇರ್ ಇರುವುದರಿಂದ ಕರೆಂಟು ನಿಲ್ಲಿಸಿದರೂ ಅದು ಹಿಂದಕ್ಕೆ ತಿರುಗುವುದಿಲ್ಲ. ಹಾಗಾಗಿ ಮೆಟ್ಟಿಲಿಗೆ ಕೂದಲೆಳೆಯಷ್ಟು ಮುಂಚೆ ನಿಲ್ಲಿಸಿಟ್ಟರೆ ಗಾಡಿ ಒದೆಯಲು ಸಿದ್ಧವಾಗಿ ಓಡಾಡಬಹುದು. ಪ್ಲೈವುಡ್ ಅಂಚು ನೂರಿನ್ನೂರು ಒದೆತಕ್ಕೆ ಸವೆಯಿತು. ಅಂಚಿಗೆ ತಗಡಿನ ಪಟ್ಟಿ ಹೊಡೆದು, ಅದರ ಮೇಲೆ ಉರುಳಲು ಕಾಲಿಗೆ ಕೆಟ್ಟ ಸೀಲಿಂಗ್ ಫ್ಯಾನಿನ ಬೇರಿಂಗ್ ಸಿಕ್ಕಿಸಿದರು. ಉಜ್ಜಾಟದ ಜಾಗದಲ್ಲಿ ಉರುಳಾಟ ಬಂತು.

ಇದನ್ನೇನೂ ನಾವು ಕಂಡುಹಿಡಿದದ್ದಲ್ಲ. ಅಮೆರಿಕದಲ್ಲಿ ಡೀನ್ ಕೇಮನ್ 1989ರಲ್ಲಿ ಸ್ಥಾಪಿಸಿದ 'ಫಸ್ಟ್' ಸಂಸ್ಥೆಯ ಹೈಸ್ಕೂಲು ರೋಬೋಟ್ ಸ್ಪರ್ಧೆಯ 2010ರ ಆಟ ಫುಟ್‌ಬಾಲೇ ಆಗಿತ್ತು. ಚೆಂಡು ಯಂತ್ರದ ಚೌಕಟ್ಟಿನೊಳಕ್ಕೆ ಮೂರು ಇಂಚಿಗಿಂತ ಹೆಚ್ಚು ಹೋಗಕೂಡದೆಂಬ ನಿಯಮದಿಂದಾಗಿ ಯಾರೂ ಅದನ್ನು ತಬ್ಬಿಕೊಂಡು ಓಡುವಂತಿರಲಿಲ್ಲ, ಒದೆಯಲೇಬೇಕಿತ್ತು. ಆರು ವಾರದಲ್ಲಿ ಯಂತ್ರ ಕಟ್ಟಿದ ಮಕ್ಕಳು ರಬ್ಬರ್ ಕೊಳವೆ, ಗಾಳಿಯ ಸಿಲಿಂಡರ್, ಸ್ಪ್ರಿಂಗ್ ಎಲ್ಲವನ್ನೂ ಪ್ರಯೋಗಿಸಿದ್ದರು. 2020ರ ಏಷ್ಯಾ–ಪೆಸಿಫಿಕ್ ರೋಬೋಕಾನ್‌ಗೆ ಫಿಜಿ ದೇಶ ಕೊಟ್ಟ ವಿಷಯ ರಗ್ಬಿ. ಯಂತ್ರ ಮೊಟ್ಟೆಯಾಕಾರದ ಚೆಂಡನ್ನು ಕಂಬದ ಮೇಲಿಂದ ಒದೆಯಬೇಕಿತ್ತು. ಕೋವಿಡ್ ಬಂದು ಅದು ಅಂದುಕೊಂಡಂತೆ ನಡೆಯಲಿಲ್ಲ. 2022ರಲ್ಲಿ ಅದೇ ಸ್ಪರ್ಧೆ ದೆಹಲಿಗೆ ಬಂದಾಗ ಭಾರತ ಕೊಟ್ಟ ವಿಷಯ ನಮ್ಮ ಲಗೋರಿ! ಒಂದು ಯಂತ್ರ ಚೆಂಡೆಸೆದು ಐದು ಬಿಲ್ಲೆಗಳ ಗೋಪುರ ಕೆಡವುವುದು, ಮತ್ತೆ ಜೋಡಿಸುವುದು. ಇದನ್ನು ಹೇಳಿದಾಗ ಹುಡುಗಿಯರ ಮುಖ ಅರಳಿದ್ದನ್ನು ಮರೆಯಲಾರೆ.

1997ರಲ್ಲಿ ಜಪಾನಿನ ನಗೋಯಾದಲ್ಲಿ ಶುರುವಾದ ರೋಬೋಕಪ್‌ನ ಗುರಿ ಇನ್ನೂ ದೊಡ್ಡದು, 2050ರ ಹೊತ್ತಿಗೆ ವಿಶ್ವಕಪ್ ಗೆದ್ದ ಮನುಷ್ಯರ ತಂಡವನ್ನು ಯಂತ್ರಗಳು ಸೋಲಿಸಬೇಕೆಂಬುದು. ಅದರ ಸಣ್ಣ ಗಾತ್ರದ ವಿಭಾಗದಲ್ಲಿ 18 ಸೆಂಟಿಮೀಟರ್ ಅಗಲದ, 15 ಸೆಂಟಿಮೀಟರ್ ಎತ್ತರದ ಪುಟ್ಟ ಯಂತ್ರಗಳು ಕಿತ್ತಳೆ ಬಣ್ಣದ ಗಾಲ್ಫ್ ಚೆಂಡನ್ನು ಒದೆಯುತ್ತವೆ. ಅಲ್ಲಿ ರಬ್ಬರಿನ ಬದಲು ಕೆಪಾಸಿಟರ್. ಬ್ಯಾಟರಿಯಿಂದ ಮೆಲ್ಲಗೆ ತುಂಬಿದ ಇನ್ನೂರು ವೋಲ್ಟಿನ ಆಸುಪಾಸಿನ ವಿದ್ಯುತ್ತು ತಂತಿಯ ಸುರುಳಿಯೊಳಗೆ ಒಮ್ಮೆಲೇ ನುಗ್ಗಿ ಕಬ್ಬಿಣದ ಕೋಲನ್ನು ಮುಂದಕ್ಕೆ ಚಿಮ್ಮಿಸುತ್ತದೆ. ಚೆಂಡು ಎಷ್ಟು ಜೋರಾಗಿ ಹೋಗುತ್ತದೆಂದರೆ ಸೆಕೆಂಡಿಗೆ ಆರೂವರೆ ಮೀಟರ್ ಮೀರಕೂಡದೆಂದು ನಿಯಮವನ್ನೇ ಮಾಡಿದ್ದಾರೆ. ಆ ಕೆಪಾಸಿಟರ್ ಪ್ರಾಣಕ್ಕೆ ಅಪಾಯ. ಶಾಲೆಯ ಮಕ್ಕಳು ಅದರ ಹತ್ತಿರ ಹೋಗಬಾರದು. ತತ್ವ ಮಾತ್ರ ನಮ್ಮ ರಬ್ಬರ್ ಕಾಯಿಯದ್ದೇ.

ನಮ್ಮ ಯಂತ್ರದ ಇನ್ನೆರಡು ಸಂಗತಿ ಬೇಗ ಹೇಳಿಬಿಡುತ್ತೇನೆ. ಪಾದ ಚೆಂಡಿನ ಬುಡಕ್ಕೆ ತಾಗಿದರೆ ಚೆಂಡು ಹಿಮ್ಮುಖ ತಿರುಗುತ್ತಾ ಮೇಲಕ್ಕೆ ಪುಟಿಯುತ್ತದೆ. ನಟ್ಟನಡುವೆ ಹೊಡೆದರೆ ಮೊದಲು ಜಾರಿ, ನೆಲದ ಉಜ್ಜಾಟಕ್ಕೆ ಸಿಕ್ಕಿ, ಉರುಳತೊಡಗುವ ಹೊತ್ತಿಗೆ ಐದರಲ್ಲಿ ಎರಡು ಪಾಲು ವೇಗ ಕಳೆದುಕೊಳ್ಳುತ್ತದೆ. ನಡುವಿಗಿಂತ ಮೇಲೆ ತಾಗಿದರೆ ಬೇಗ ಉರುಳತೊಡಗಿ ಅಷ್ಟು ವೇಗ ಕಳೆದುಕೊಳ್ಳುವುದಿಲ್ಲ. ತಿರುಗಣೆಯನ್ನು ನಾಲ್ಕು ಬೆರಳು ಎತ್ತರಿಸಿ ಇದನ್ನು ಸರಿಮಾಡಿದರು. ಎರಡನೆಯದು ಗುರಿ. ಪಾದ ದೂರದಿಂದ ಬೀಸಿ ಬಡಿದರೆ ಚೆಂಡು ಒಂದೊಂದು ಸಲ ಒಂದೊಂದು ಕಡೆ. ಹಾಕಿಯಲ್ಲಿ ಹೊಡೆತಕ್ಕೂ ಡ್ರ್ಯಾಗ್ ಫ್ಲಿಕ್‌ಗೂ ಇರುವ ವ್ಯತ್ಯಾಸ ನೆನಪಿಸಿಕೊಳ್ಳಿ. ಕೊಡಗಿನವರೇ ಆದ ವಿ.ಆರ್. ರಘುನಾಥ್ ಪೆನಾಲ್ಟಿ ಕಾರ್ನರಿನಲ್ಲಿ ಚೆಂಡನ್ನು ಕೋಲಿಗೆ ತಾಗಿಸಿಕೊಂಡೇ ಎಳೆದು ತಂದು ಚಿಮ್ಮಿಸುತ್ತಿದ್ದದ್ದನ್ನು ನೋಡಿದವರಿಗೆ ಗೊತ್ತು, ಚೆಂಡು ಕೋಲಿನೊಂದಿಗೆ ಹೆಚ್ಚು ಹೊತ್ತು ಇದ್ದಷ್ಟೂ ಗುರಿ ಆಟಗಾರನ ಕೈಯಲ್ಲಿರುತ್ತದೆ. ಪಾದಕ್ಕೆ ಅಂಗೈಯಂತೆ ಸ್ವಲ್ಪ ಕುಳಿ ಮಾಡಿ, ಒಳಗೆ ಹವಾಯಿ ಚಪ್ಪಲಿಯ ತುಂಡು ಅಂಟಿಸಿದ ಮೇಲೆ ಚೆಂಡು ಹೇಳಿದ ಕಡೆ ಹೋಗತೊಡಗಿತು.

ಕೊನೆಗೂ ಒಂದು ಕೊರತೆ ಉಳಿದಿತ್ತು. 56 ಚಿತ್ರದಿಂದ ಕೆಳಗಿಳಿಯುತ್ತಿರಲಿಲ್ಲ. ನಾನು ಯೋಚಿಸದೇ ಇದ್ದದ್ದನ್ನು ತಂಗಿಯ ಮಗಳು ಕೇಳಿದಳು: "ಮಾವ, ಟ್ಯೂಬಿನ ರಬ್ಬರೂ ನಮ್ಮ ತೋಟದ ರಬ್ಬರೂ ಒಂದೇನಾ?" ಒಂದಲ್ಲ. ಗಾಳಿ ಸೋರದಿರಲೆಂದು ಟ್ಯೂಬುಗಳಿಗೆ ಸಾಮಾನ್ಯವಾಗಿ ಬಳಸುವುದು ಕಾರ್ಖಾನೆಯಲ್ಲಿ ತಯಾರಾಗುವ ಬ್ಯುಟೈಲ್ ರಬ್ಬರ್. ಅದನ್ನು ಎಳೆದು ಬಿಟ್ಟರೆ ಸೋಮಾರಿಯಂತೆ ಹಿಂದಿರುಗುತ್ತದೆ. ಎಳೆದ ಶಕ್ತಿಯ ಒಳ್ಳೆಯ ಪಾಲು ಒಳಗೇ ಬಿಸಿಯಾಗಿ ಹೋಗುತ್ತದೆ. ಮರದ ಹಾಲಿನಿಂದ ಮಾಡಿದ ರಬ್ಬರ್ ಕೊಟ್ಟದ್ದನ್ನು ಬಹುಪಾಲು ಹಿಂದಕ್ಕೆ ಕೊಡುತ್ತದೆ. ಕ್ಯಾಟರ್‌ಬಿಲ್ಲಿಗೆ ಕಟ್ಟುವ ಅಪ್ಪಟ ರಬ್ಬರ್ ಪಟ್ಟಿಯನ್ನು ತಂದು, ತಕ್ಕಡಿಯಲ್ಲಿ ಅಷ್ಟೇ 16 ಕಿಲೋ ತೋರುವಂತೆ ಕಟ್ಟಿ ಒದೆಸಿದರು. ಎಣಿಕೆ 48. ಸೆಕೆಂಡಿಗೆ ಸರಿಯಾಗಿ 5 ಮೀಟರ್. ಬೆಳಗಿನ ಜಾವ ಎದ್ದು ಟ್ಯಾಪಿಂಗ್‌ಗೆ ಹೋಗುವ ಮನೆಯ ಹುಡುಗಿಗೆ ಈ ಪ್ರಶ್ನೆ ಹೊಳೆದದ್ದು ಸಹಜ. ಪೇಟೆಯ ಪ್ರಯೋಗಾಲಯದಲ್ಲಿ ಕೂತ ನನಗೆ ಹೊಳೆದಿರಲಿಲ್ಲ.

ನೀತಿ ಆಯೋಗದ ಅಟಲ್ ಇನ್ನೊವೇಶನ್ ಮಿಷನ್ 2016ರಲ್ಲಿ ಶುರುವಾಗಿ ದೇಶದ ಸುಮಾರು ಹತ್ತು ಸಾವಿರ ಶಾಲೆಗಳಿಗೆ ಟಿಂಕರಿಂಗ್ ಲ್ಯಾಬ್ ಕೊಟ್ಟಿದೆ. ಒಂದೊಂದಕ್ಕೆ 20 ಲಕ್ಷ ರೂಪಾಯಿಯವರೆಗೆ ನೆರವು. ಮುಂದಿನ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ ಇನ್ನೂ 50,000 ಎಂದು 2025ರ ಕೇಂದ್ರ ಬಜೆಟ್ ಹೇಳಿದೆ. ಒಳ್ಳೆಯ ಕೆಲಸ, ಮನಸಾರೆ ಸ್ವಾಗತಿಸುತ್ತೇನೆ. ಆದರೆ ನಾನು ನೋಡಿದ ಒಂದು ಶಾಲೆಯಲ್ಲಿ ಮೂರು ಆಯಾಮದ ಪ್ರಿಂಟರಿನ ಮೇಲೆ ಹೂವಿನ ಬಟ್ಟೆ ಹೊದಿಸಿ, ಬೀರುವಿಗೆ ಬೀಗ ಹಾಕಿ ಇಟ್ಟಿದ್ದರು, ಮಕ್ಕಳು ಹಾಳುಮಾಡಿಯಾರೆಂದು. ಹಾಳುಮಾಡದೆ ಮಾಡುವುದನ್ನು ಯಾರೂ ಕಲಿತಿಲ್ಲ. ಹೊಸ ಲ್ಯಾಬುಗಳಿಗೆ ಸಾಮಾನು ಪಟ್ಟಿ ಮಾಡುವವರು ಪ್ರಿಂಟರಿನ ಪಕ್ಕದಲ್ಲಿ ಒಂದು ಕೈ ಬೈರಿಗೆ, ಗರಗಸ, ಸ್ಪ್ರಿಂಗ್ ತಕ್ಕಡಿ, ಮತ್ತೆ ಮುರಿಯಲಿಕ್ಕೆಂದೇ ಒಂದು ರಾಶಿ ರಟ್ಟು ಬರೆದುಕೊಳ್ಳಲಿ. ನಮ್ಮ ಕಾಲು ತಯಾರಾದ ಹದಿನೆಂಟು ದಿನಗಳಲ್ಲಿ ಕರೆಂಟು ಇದ್ದದ್ದು ಅರ್ಧ ದಿನಗಳೂ ಇರಲಾರವು. ಬೈರಿಗೆಗೆ ಕರೆಂಟು ಬೇಕಾಗಲಿಲ್ಲ.

ಓದುಗರಲ್ಲೂ ಒಂದು ಕೋರಿಕೆ. ನಿಮ್ಮ ಮನೆಯಲ್ಲೋ ಗ್ಯಾರೇಜಿನಲ್ಲೋ ಹಳೆಯ ವೈಪರ್ ಮೋಟರ್, ಕೆಟ್ಟ ಫ್ಯಾನು, ತುಂಡಾದ ಸೈಕಲ್ ಚೈನು ಬಿದ್ದಿದ್ದರೆ ಗುಜರಿಯವನ ತಕ್ಕಡಿಗೆ ಹಾಕುವ ಮುಂಚೆ ಹತ್ತಿರದ ಪ್ರೌಢಶಾಲೆಯ ವಿಜ್ಞಾನದ ಮೇಷ್ಟರಿಗೆ ಒಂದು ಫೋನ್ ಮಾಡಿ.